ಒಂದೇ ಹೊಳ್ಳೆಯ ನೆಗಡಿ

ನೆಗಡಿ ಬಂದರೆ ಎರಡು ಹೊಳ್ಳೆಗೂ ಬರುತ್ತದೆ. ಅಲರ್ಜಿಯೂ ಅಷ್ಟೇ, ಎಲ್ಲರ ಬಾಯಲ್ಲೂ ಇರುವ ಸೈನಸ್ಸೂ ಬಹುಪಾಲು ಅಷ್ಟೇ. ರಾತ್ರಿ ಮಗ್ಗುಲು ಬದಲಾಯಿಸಿದರೆ ಈ ಕಡೆ ಬಿಟ್ಟು ಆ ಕಡೆ ಕಟ್ಟಬಹುದು, ಆದರೆ ಒಂದೇ ಕಡೆ ಬೀಡುಬಿಟ್ಟು ಕೂರುವುದು ಅಪರೂಪ. ನನಗೆ ಕಟ್ಟುತ್ತಿದ್ದದ್ದು ಎಡಗಡೆ ಮಾತ್ರ. ಮೊದಲು ತಿಂಗಳುಗಟ್ಟಲೆ, ಆಮೇಲೆ ವರ್ಷಗಟ್ಟಲೆ, ಎಡಗಡೆ ಮಾತ್ರ. ಈ ಒಂದು ಸಂಗತಿಗೆ ಎಷ್ಟು ತೂಕವಿದೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಪ್ರೌಢಶಾಲೆಯ ಮೇಷ್ಟ್ರು. ವಯಸ್ಸು ಐವತ್ತು ದಾಟಿದೆ. ಮೂಗು ಕಟ್ಟಲು ಶುರುವಾದಾಗ ಕಾರಣ ಹೇಳುವವರಿಗೇನೂ ಕೊರತೆ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಸೀಮೆಸುಣ್ಣದ ಧೂಳು ಅಂದರು. ಕಬ್ಬು ನುರಿಸುವ ಕಾಲ ಬಂದಾಗ ಹೊಗೆ, ಬೂದಿ ಅಂದರು. ಅವ್ವ ಕಾರಣ ಹುಡುಕಲು ಹೋಗದೆ ಲಕ್ಕಿ ಸೊಪ್ಪು ಕುದಿಸಿ, ಕಂಬಳಿ ಹೊದಿಸಿ ಆವಿ ಕೊಟ್ಟಳು. ಆವಿ ತಗೊಂಡಾಗ ಬಲಗಡೆ ಇನ್ನಷ್ಟು ಸಲೀಸಾಗುತ್ತಿತ್ತು, ಎಡಗಡೆ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಕೊಟ್ಟರು, ಸೀನು ನಿಲ್ಲುವ ಮಾತ್ರೆ ಕೊಟ್ಟರು, ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದರು. ಸೈನಸ್ಸಿಗೆ ಸಾಮಾನ್ಯವಾಗಿ ಕೊಡುವ ಮದ್ದುಗಳೇ ಇವೆಲ್ಲ. ಯಾರೂ ಟಾರ್ಚು ಹಿಡಿದು ಮೂಗಿನ ತುದಿಗಿಂತ ಆಚೆ ನೋಡಲಿಲ್ಲ ಅನ್ನುವುದೊಂದೇ ಕೊರತೆ. ಟಾರ್ಚಿನ ಬೆಳಕು ಹೋಗುವುದೂ ಅಷ್ಟು ದೂರವೇ.

ಒಂದು ಕಡೆಯ ಕಾಯಿಲೆ ತನ್ನನ್ನು ತಾನೇ ಮುಚ್ಚಿಟ್ಟುಕೊಳ್ಳುತ್ತದೆ. ಇನ್ನೊಂದು ಹೊಳ್ಳೆ ಚೆನ್ನಾಗಿರುತ್ತದಲ್ಲ, ಉಸಿರಾಟ ನಡೆಯುತ್ತಿರುತ್ತದೆ, ವಾಸನೆಯೂ ಗೊತ್ತಾಗುತ್ತಿರುತ್ತದೆ. ಬಸ್ಸಾರಿನ ಒಗ್ಗರಣೆ ಅಡುಗೆಮನೆಯಿಂದ ಮೂಗಿಗೆ ಬಡಿಯುತ್ತಿತ್ತು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಎಲ್ಲವೂ ಬಲಗಡೆಯ ಕೃಪೆ ಎಂದು ಯಾರಿಗೆ ಗೊತ್ತಾಗಬೇಕು? ಮುಂದೆ ಮೈಸೂರಿನಲ್ಲಿ ಡಾಕ್ಟರು ಬಲ ಹೊಳ್ಳೆ ಒತ್ತಿ ಹಿಡಿದು, ಕಾಫಿಪುಡಿಯ ಪೊಟ್ಟಣವನ್ನು ಎಡಗಡೆ ಹಿಡಿದರು. ಏನೂ ಇಲ್ಲ. ಖಾಲಿ ಗಾಳಿ.

ಕಪಾಳದ ಎಲುಬಿನೊಳಗೆ, ಹುಬ್ಬಿನ ಮೇಲೆ, ಎರಡು ಕಣ್ಣುಗಳ ನಡುವೆ, ಎಲ್ಲಕ್ಕಿಂತ ಹಿಂದೆ ತಲೆಯ ಬುಡದಲ್ಲಿ ನಾಲ್ಕು ಜೊತೆ ಗಾಳಿಗೂಡುಗಳಿವೆ. ಅವೇ ಸೈನಸ್. ಕಪಾಳದ್ದು ಎಲ್ಲಕ್ಕಿಂತ ದೊಡ್ಡದು, ಆದರೆ ಅದರ ಬಾಗಿಲು ಇರುವುದು ಗೋಡೆಯ ಮೇಲ್ಭಾಗದಲ್ಲಿ. ಒಳಗೆ ಊರುವ ಸಿಂಬಳವನ್ನು ಕಣ್ಣಿಗೆ ಕಾಣದ ಕೂದಲೆಳೆಗಳು ಮೇಲ್ಮುಖವಾಗಿ ತಳ್ಳಿಕೊಂಡು ಹೋಗಿ ಆ ಬಾಗಿಲಿಂದ ಮೂಗಿಗೆ ಇಳಿಸಬೇಕು. ಬಾಗಿಲ ಬಳಿ ಊತ ಬಂದರೂ, ಪಾಲಿಪ್ (ಒಳಪೊರೆ ಊದಿ ಜೋತುಬೀಳುವ ಮೆತ್ತನೆ ಗಂಟು) ಬೆಳೆದರೂ, ಗಡ್ಡೆ ಬೆಳೆದರೂ ಹಿಂದೆ ಸಿಂಬಳ ಕಟ್ಟಿಕೊಂಡು ಕೊಳೆಯುತ್ತದೆ. ಮುಖ ಭಾರ, ಗಂಟಲಿಗೆ ಕಫ ಇಳಿಯುವುದು, ಮೂಗು ಕಟ್ಟುವುದು, ವಾಸನೆ ಕುಂದುವುದು: ಇವು 12 ವಾರಕ್ಕಿಂತ ಹೆಚ್ಚು ಕಾಲ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸ್ ಕಾಯಿಲೆ ಅನ್ನುತ್ತಾರೆ. ಅಂದರೆ ಗಡ್ಡೆಯ ಲಕ್ಷಣವೂ ಸೈನಸ್ಸಿನ ಲಕ್ಷಣವೂ ಹೊರಗಿನಿಂದ ಒಂದೇ. ಬೇರೆ ಮಾಡಿ ತೋರಿಸುವುದು ಮುಖ್ಯವಾಗಿ ಎರಡು ಸುಳಿವು: ಒಂದೇ ಕಡೆ ಇರುವುದು, ಮತ್ತು ಆಗಾಗ ಸಿಂಬಳದಲ್ಲಿ ರಕ್ತದ ಎಳೆ ಕಾಣುವುದು.

ಕೊನೆಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ, ತೆಗೆದುಬಿಡೋಣ’ ಅಂದರು. ತೆಗೆದರು. ಒಂದೇ ದಿನದಲ್ಲಿ ಮನೆಗೆ ಬಂದೆ. ಎಡಗಡೆ ಗಾಳಿ ಆಡಿದ ಆ ಮೊದಲ ವಾರ ನನಗೆ ಹಬ್ಬ. ತೆಗೆದ ಮಾಂಸದ ಚೂರನ್ನು ಪರೀಕ್ಷೆಗೆ ಕಳಿಸಲಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ ‘ಪಾಲಿಪ್’ ಎಂದು ಮಾತ್ರ ಬರೆದಿತ್ತು. ವರ್ಷ ತುಂಬುವಷ್ಟರಲ್ಲಿ ಮತ್ತೆ ಅದೇ ಜಾಗ ಕಟ್ಟಿತು. ಈ ಸಲ ಬೆಳಿಗ್ಗೆ ಮುಖ ತೊಳೆಯುವಾಗ ನೀರಿನಲ್ಲಿ ಕೆಂಪು ಬಣ್ಣ. ಈ ವಿಷಯದಲ್ಲಿ ನನಗೆ ಇವತ್ತಿಗೂ ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ಮೂಗಿನಿಂದ ಏನನ್ನೇ ತೆಗೆಯಲಿ, ಅದನ್ನು ಪೆಥಾಲಜಿ ಲ್ಯಾಬಿಗೆ ಕಳಿಸಲೇಬೇಕು. ಮುಂದೆ ಆಗಬೇಕಾದ್ದೆಲ್ಲವೂ ಆ ಒಂದು ಹಾಳೆ ವರದಿಯ ಮೇಲೆ ನಿಂತಿರುತ್ತದೆ. ಆಪರೇಷನ್ ಮಾಡಿಸಿಕೊಳ್ಳುವವರು ಬಾಯಿಬಿಟ್ಟು ಕೇಳಬೇಕು: ‘ಚೂರು ಟೆಸ್ಟಿಗೆ ಹೋಗುತ್ತದೆಯೇ? ವರದಿ ಯಾವಾಗ ಬರುತ್ತದೆ?’ ಇದನ್ನು ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೈಸೂರಿಗೆ ಕರೆದುಕೊಂಡು ಹೋಗಿದ್ದು ನನ್ನ ಹೆಂಡತಿ. ‘ರೀ, ಇನ್ನು ಈ ಊರಲ್ಲಿ ಮಾತ್ರೆ ನುಂಗ್ತಾ ಕೂತಿದ್ದು ಸಾಕು. ನಾಳೆ ಬೆಳಿಗ್ಗೆ ಟ್ರೇನಿಗೆ ಹೋಗೋಣ’ ಅಂದವಳು ರಾತ್ರಿಯೇ ಹಳೆಯ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಫೈಲು ಮಾಡಿಟ್ಟಿದ್ದಳು. ಆ ಫೈಲೇ ಮುಂದೆ ಬಹಳ ಉಪಯೋಗಕ್ಕೆ ಬಂತು.

ಅಲ್ಲಿನ ಇಎನ್‌ಟಿ ಡಾಕ್ಟರ್ ಮೇಡಂ ಮೊದಲು ಕೇಳಿದ ಪ್ರಶ್ನೆಯೇ ‘ಯಾವಾಗಲೂ ಎಡಗಡೆಯೇನಾ?’ ಎಂದು. ಹೌದು ಅಂದೆ. ಪೆನ್ನು ಕೆಳಗಿಟ್ಟು ಎಂಡೋಸ್ಕೋಪಿ ಕುರ್ಚಿಗೆ ಕಳಿಸಿದರು. ಅದಕ್ಕೆ ಹೆದರುವವರು ಬಹಳ ಜನ, ನಾನೂ ಹೆದರಿದ್ದೆ. ಮರಗಟ್ಟಿಸುವ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಮೂಗಿನೊಳಗೆ ಸ್ವಲ್ಪ ಹೊತ್ತು ಇಡುತ್ತಾರೆ. ಗಂಟಲಿಗೆ ಇಳಿದಾಗ ಕಹಿ. ಮೇಲಿನ ಮುಂದಿನ ಹಲ್ಲು, ಮೇಲ್ದುಟಿ ಜೋಮು ಹಿಡಿಯುತ್ತದೆ. ಆಮೇಲೆ 4 ಮಿಲಿಮೀಟರ್ ದಪ್ಪದ ಸ್ಟೀಲಿನ ಕೊಳವೆ ಒಳಗೆ ಹೋಗುತ್ತದೆ. ಒತ್ತಿದಂತೆ ಅನ್ನಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ನೋಯುವುದಿಲ್ಲ.

ಪಕ್ಕದ ಪರದೆಯ ಮೇಲೆ ನನ್ನ ಮೂಗಿನ ಒಳಗನ್ನು ನಾನೇ ನೋಡಿದೆ. ಬಲಗಡೆ ಗುಲಾಬಿ ಬಣ್ಣದ ನುಣುಪು ಗೋಡೆಗಳು, ಗಂಟಲಿನವರೆಗೆ ತೆರೆದ ದಾರಿ. ಎಡಗಡೆ ಸ್ವಲ್ಪ ದೂರ ಹೋಗುವಷ್ಟರಲ್ಲೇ ದಾರಿ ಮುಚ್ಚಿತ್ತು. ‘ಸಾಮಾನ್ಯ ಪಾಲಿಪ್ ಆದರೆ ಮಾಸಲು ಬಣ್ಣ, ನುಣುಪು, ಬೆಳಕು ಅರ್ಧ ಪಾರಾಗುತ್ತೆ. ಇದು ನೋಡಿ, ಒರಟು ಒರಟಾಗಿದೆ, ಕಾಳು ಕಾಳಾಗಿದೆ, ಮುಟ್ಟಿದರೆ ರಕ್ತ ಬರುತ್ತೆ’ ಅಂದರು. ಅವತ್ತೇ ಚೂರು ತೆಗೆಯಲಿಲ್ಲ. ಮೊದಲು ಸ್ಕ್ಯಾನ್, ಆಮೇಲೆ ಬಯಾಪ್ಸಿ ಅಂದರು. ಮೂಗಿನ ಕೆಲವು ಗಡ್ಡೆಗಳು ರಕ್ತನಾಳಗಳಿಂದಲೇ ಆಗಿರುತ್ತವೆ, ಕೆಲವು ಮೆದುಳಿನ ಪದರವೇ ತಲೆಯ ಬುಡದ ಎಲುಬಿನ ತೂತಿನಿಂದ ಕೆಳಗೆ ಜೋತುಬಿದ್ದದ್ದೂ ಆಗಿರಬಹುದು. ಅಂಥದ್ದಕ್ಕೆ ನೋಡದೆ ಇಕ್ಕಳ ಹಾಕಿದರೆ ಅನಾಹುತ.

ಸಿ.ಟಿ. ಸ್ಕ್ಯಾನಿನಲ್ಲಿ ಎಡ ಕಪಾಳದ ಸೈನಸ್ ಪೂರ್ತಿ ಬೆಳ್ಳಗೆ ತುಂಬಿಕೊಂಡಿತ್ತು. ಅದನ್ನು ನೋಡಿ ನನ್ನ ಜೀವ ಹಾರಿತು, ಅಷ್ಟೂ ಗಡ್ಡೆಯೇ ಅಂದುಕೊಂಡೆ. ಮೇಡಂ ಬೆರಳಿಟ್ಟು ತೋರಿಸಿದ್ದು ಬೇರೆಯೇ ಜಾಗ. ಸೈನಸ್ಸಿನ ಹಿಂಗೋಡೆಯಲ್ಲಿ ಒಂದು ಕಡೆ ಎಲುಬು ಸುತ್ತಲಿಗಿಂತ ದಪ್ಪಗಾಗಿ ಮೊನಚಾಗಿತ್ತು. ‘ಇದರ ಬೇರು ಇಲ್ಲಿರಬೇಕು.’ ಎಂ.ಆರ್.ಐ. ಮಾಡಿಸಿದ ಮೇಲೆ ಎರಡು ವಿಷಯ ಸ್ಪಷ್ಟವಾದವು. ಬೆಳ್ಳಗೆ ಕಂಡದ್ದರಲ್ಲಿ ಒಂದಷ್ಟು ಭಾಗ ಗಡ್ಡೆ, ಉಳಿದದ್ದು ಬಾಗಿಲು ಮುಚ್ಚಿದ್ದರಿಂದ ಹಿಂದೆ ಕಟ್ಟಿಕೊಂಡ ಸಿಂಬಳ. ಗಡ್ಡೆಯ ಭಾಗದಲ್ಲಿ ಮಾತ್ರ ಸುಕ್ಕು ಸುಕ್ಕಾದ ಪದರಗಳು ಕಾಣುತ್ತಿದ್ದವು. ಸಿ.ಟಿ. ಎಲುಬನ್ನು ತೋರಿಸುತ್ತದೆ, ಎಂ.ಆರ್.ಐ. ಮಾಂಸ ಯಾವುದು ನೀರು ಯಾವುದು ಎಂದು ಬಿಡಿಸಿ ಹೇಳುತ್ತದೆ. ಎರಡೆರಡು ಸ್ಕ್ಯಾನ್ ಯಾಕೆ, ದುಡ್ಡು ಕೀಳುವುದಕ್ಕಾ ಎಂದು ನಮ್ಮ ಕಡೆ ಕೇಳುತ್ತಾರೆ. ನನ್ನ ಮಟ್ಟಿಗೆ ಎರಡೂ ಬೇಕಿತ್ತು.

ಬಯಾಪ್ಸಿ ವರದಿ ಬರುವವರೆಗಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಮನೆಯಲ್ಲಿ ಯಾರೂ ಆ ಪದ ಬಾಯಿಗೆ ತರಲಿಲ್ಲ. ಅಣ್ಣ ಪಾಂಡವಪುರದ ಕಡೆಯಿಂದ ದಿನವೂ ಫೋನ್ ಮಾಡಿ, ಕೇಳಬೇಕಾದ್ದನ್ನು ಕೇಳಲಾರದೆ, ‘ನಾಲೆಗೆ ನೀರು ಬುಟ್ಟವ್ರೆ ಕಣ್ಲಾ’ ಅಂತ ಹೇಳಿ ಇಡುತ್ತಿದ್ದ.

ವರದಿಯಲ್ಲಿ ಇದ್ದದ್ದು ಇನ್ವರ್ಟೆಡ್ ಪ್ಯಾಪಿಲೋಮಾ. ಕ್ಯಾನ್ಸರ್ ಅಲ್ಲ. ಆದರೆ ಅಸಡ್ಡೆ ಮಾಡುವಂಥದ್ದೂ ಅಲ್ಲ. ಮೂಗಿನ ಒಳಪೊರೆ ಹೊರಕ್ಕೆ ಬೆಳೆಯುವ ಬದಲು ತನ್ನ ಕೆಳಗಿನ ಅಂಗಾಂಶದೊಳಕ್ಕೆ ಮಡಚಿಕೊಂಡು ಬೆಳೆಯುತ್ತದೆ. ಹೆಚ್ಚಾಗಿ ಐವತ್ತರ ಆಸುಪಾಸಿನವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ, ಬಹುಪಾಲು ಒಂದೇ ಕಡೆ. ಪಕ್ಕದ ಎಲುಬನ್ನು ಒತ್ತಿ ಸವೆಸುತ್ತದೆ, ಪೂರ್ತಿ ತೆಗೆಯದಿದ್ದರೆ ಮತ್ತೆ ಬರುತ್ತದೆ. 100 ಜನರಲ್ಲಿ ಸುಮಾರು 5ರಿಂದ 15 ಜನರಿಗೆ ಇದರ ಜೊತೆಯಲ್ಲೇ ಕ್ಯಾನ್ಸರ್ ಇರಬಹುದು ಅಥವಾ ಮುಂದೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಬಯಾಪ್ಸಿಯ ಪುಟ್ಟ ಚೂರಿನಲ್ಲಿ ಕ್ಯಾನ್ಸರ್ ಇಲ್ಲ ಎಂದರೆ ಮುಗಿಯಲಿಲ್ಲ. ಇಡೀ ಗಡ್ಡೆ ತೆಗೆದು, ಇಡಿಯಾಗಿ ಪರೀಕ್ಷೆ ಮಾಡಬೇಕು.

‘ಮೊದಲ ಸಲ ತೆಗೆದದ್ದು ಯಾಕೆ ವಾಪಸ್ ಬಂತು ಮೇಡಂ?’ ಅಂದೆ. ಅವರೂ ನಮ್ಮ ಜಿಲ್ಲೆಯವರೇ. ‘ಮೇಷ್ಟ್ರೇ, ಕಬ್ಬು ಕಡಿದ ಮೇಲೆ ಕೂಳೆ ಬಿಟ್ಟರೆ ಏನಾಗುತ್ತೆ?’ ಎಂದು ನನ್ನನ್ನೇ ಕೇಳಿದರು. ಕಬ್ಬಿನ ಗದ್ದೆಯಲ್ಲಿ ಬೆಳೆದವನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಮೊದಲ ಆಪರೇಷನ್ನಿನಲ್ಲಿ ಮೂಗಿಗೆ ಜೋತುಬಿದ್ದ ಭಾಗ ಕಡಿದಿದ್ದರು, ಸೈನಸ್ಸಿನ ಹಿಂಗೋಡೆಗೆ ಕಚ್ಚಿಕೊಂಡ ಬುಡ ಅಲ್ಲೇ ಉಳಿದಿತ್ತು. ಈ ಗಡ್ಡೆಯ ಶಸ್ತ್ರಚಿಕಿತ್ಸೆಯ ಮರ್ಮವೆಲ್ಲ ಇಷ್ಟೇ: ಬುಡ ಎಲ್ಲಿದೆ ಎಂದು ಹುಡುಕಬೇಕು, ಅಲ್ಲಿನ ಪೊರೆಯನ್ನು ಪೂರ್ತಿ ಎಬ್ಬಿಸಬೇಕು, ಅದರ ಅಡಿಯ ಎಲುಬನ್ನು ಡ್ರಿಲ್ಲಿನಿಂದ ತರಿಯಬೇಕು.

ಹಿಂದಿನ ಕಾಲದಲ್ಲಿ ಅಲ್ಲಿಗೆ ತಲುಪಲು ಮುಖವನ್ನೇ ಕೊಯ್ಯಬೇಕಾಗಿತ್ತು. ಮೂಗಿನ ಪಕ್ಕದಲ್ಲಿ ಕಣ್ಣಿನ ಮೂಲೆಯಿಂದ ಹೊಳ್ಳೆಯವರೆಗೆ ಕೊಯ್ದು ಮೂಗನ್ನು ಮಗುಚಿ ಒಳಹೋಗುತ್ತಿದ್ದರು. ಇನ್ನೊಂದು ದಾರಿ, ಮೇಲ್ದುಟಿ ಎತ್ತಿ ಹಲ್ಲಿನ ಮೇಲಿನ ಒಸಡನ್ನು ಕೊಯ್ದು ಕಪಾಳದ ಎಲುಬಿಗೆ ಕಿಂಡಿ ಕೊರೆಯುವುದು. ಅದನ್ನು ಅಮೆರಿಕದ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಆನ್ರಿ ಲ್ಯುಕ್ 1897ರಲ್ಲಿ, ಬೇರೆಬೇರೆಯಾಗಿ ವಿವರಿಸಿದ್ದರು. ಹತ್ತಿರ ಹತ್ತಿರ ನೂರು ವರ್ಷ ಸೈನಸ್ ಆಪರೇಷನ್ ಅಂದರೆ ಹೆಚ್ಚಾಗಿ ಅದೇ ಆಗಿತ್ತು. ನಮ್ಮ ಶಾಲೆಯಲ್ಲಿ ಹಿಂದೆ ಇದ್ದ ಹಿರಿಯ ಮೇಷ್ಟ್ರೊಬ್ಬರ ಮೂಗಿನ ಪಕ್ಕ ಉದ್ದನೆಯ ಗಾಯದ ಗುರುತಿತ್ತು. ಮಕ್ಕಳು ಅವರನ್ನು ಕಂಡರೆ ಹೆದರುತ್ತಿದ್ದರು. ಈಗ ಅವರನ್ನು ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ಮುಖ ಕೊಯ್ಯದೆ ಒಳಹೋಗುವಂತೆ ಮಾಡಿದ್ದು ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ರೂಪಿಸಿದ ಗಾಜಿನ ಕಡ್ಡಿಗಳ ಎಂಡೋಸ್ಕೋಪ್. 1960ರ ದಶಕದಲ್ಲಿ ಜರ್ಮನಿಯ ಕಾರ್ಲ್ ಸ್ಟೋರ್ಜ್ ಅದನ್ನು ತಯಾರಿಸತೊಡಗಿದರು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಅದನ್ನು ಮೂಗಿನೊಳಗೆ ಹಿಡಿದು, ಸಿಂಬಳ ಯಾವ ದಾರಿಯಲ್ಲಿ ಹರಿಯುತ್ತದೆ ಎಂದು ವರ್ಷಗಟ್ಟಲೆ ಗಮನಿಸಿದರು. ಬೇರೆ ಕಡೆ ಕಿಂಡಿ ಕೊರೆದರೂ ಸಿಂಬಳ ಆ ಕಿಂಡಿಯನ್ನು ಬಿಟ್ಟು ಸಹಜ ಬಾಗಿಲ ಕಡೆಗೇ ಹೋಗುತ್ತದೆ ಎಂಬುದು ಅವರು ಕಂಡ ಸತ್ಯ. ಆದ್ದರಿಂದ ಸೈನಸ್ಸಿಗೆ ಆಪರೇಷನ್ ಮಾಡುವುದಾದರೆ ಸಹಜ ಬಾಗಿಲನ್ನೇ ಅಗಲ ಮಾಡಬೇಕು. ಅಮೆರಿಕದ ಡೇವಿಡ್ ಕೆನೆಡಿ 1985ರಲ್ಲಿ ಇದಕ್ಕೆ ಇಟ್ಟ ಹೆಸರೇ ಇವತ್ತು ನಮ್ಮ ಚೀಟಿಗಳಲ್ಲಿ ಕಾಣುವ ಫೆಸ್ (ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ). 2021ರಲ್ಲಿ ಕೋವಿಡ್ಡಿನ ಎರಡನೇ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರ ಬಂದಾಗ, ಮೂಗಿನಲ್ಲಿ ಕೊಳೆತ ಅಂಗಾಂಶವನ್ನು ಕೆರೆದು ತೆಗೆದು ಅದೆಷ್ಟೋ ಜನರ ಕಣ್ಣು, ಜೀವ ಉಳಿಸಿದ್ದೂ ಇದೇ ಉಪಕರಣ, ಇದೇ ಕೈಚಳಕ.

ಸಹಿ ಹಾಕಿಸಿಕೊಳ್ಳುವ ಮುಂಚೆ ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಕಾಗದದ ಮೇಲೆ ಚಿತ್ರ ಬರೆದರು. ಸೈನಸ್ಸುಗಳ ಪಕ್ಕದ ಗೋಡೆಯ ಆಚೆ ಕಣ್ಣು. ನಡುವೆ ಇರುವ ಎಲುಬು ಕಾಗದದಷ್ಟು ತೆಳು. ಮೇಲ್ಛಾವಣಿಯ ಆಚೆ ಮೆದುಳು. ಅಲ್ಲಿ ತೂತು ಬಿದ್ದರೆ ಮೆದುಳಿನ ಸುತ್ತಲಿನ ನೀರು ಮೂಗಿನಿಂದ ಸೋರುತ್ತದೆ. ಕಣ್ಣೀರು ಮೂಗಿಗೆ ಇಳಿಯುವ ನಾಳವೂ ತೆಗೆಯಬೇಕಾದ ಗೋಡೆಯಲ್ಲೇ ಹಾದುಹೋಗಿದೆ. ‘ಇವೆಲ್ಲ ಅಪರೂಪ, ಆದರೆ ಆಗಲ್ಲ ಅಂತ ನಾನು ಹೇಳಲ್ಲ’ ಅಂದರು. ಹೀಗೆ ಬಿಡಿಸಿ ಹೇಳುವ ಡಾಕ್ಟರ ಕೈಗೆ ತಲೆ ಕೊಡುವುದಕ್ಕೆ ನನಗೆ ಧೈರ್ಯ ಬಂತು. ಏನೂ ಆಗಲ್ಲ ಬನ್ನಿ ಅಂದಿದ್ದರೆ ಬರುತ್ತಿರಲಿಲ್ಲ.

ರಕ್ತಪರೀಕ್ಷೆ, ಇ.ಸಿ.ಜಿ., ಎದೆಯ ಎಕ್ಸ್‌ರೇ, ಬಿ.ಪಿ. ಹತೋಟಿಗೆ ಬರುವವರೆಗೆ ಕಾಯುವುದು ಇವೆಲ್ಲ ಎಲ್ಲ ಆಪರೇಷನ್ನಿಗೂ ಇರುವಂಥದ್ದೇ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೃದಯದ ಡಾಕ್ಟರನ್ನೂ ಕೇಳಿ ತೀರ್ಮಾನಿಸಬೇಕು. ಮೂಗಿನ ಆಪರೇಷನ್ನಿನಲ್ಲಿ ರಕ್ತವೇ ದೊಡ್ಡ ಶತ್ರು. ಒಂದು ಹನಿ ಕೊಳವೆಯ ಗಾಜಿಗೆ ಅಂಟಿದರೆ ಪರದೆಯೆಲ್ಲ ಕೆಂಪಾಗುತ್ತದೆ, ಕಣ್ಣು ಎಲ್ಲಿ ಮೆದುಳು ಎಲ್ಲಿ ತಿಳಿಯುವುದಿಲ್ಲ. ಅದಕ್ಕೇ ಅರಿವಳಿಕೆ ಡಾಕ್ಟರು ಬಿ.ಪಿ.ಯನ್ನು ಬೇಕೆಂದೇ ಸ್ವಲ್ಪ ಕೆಳಗೆ ಇಟ್ಟಿರುತ್ತಾರೆ, ತಲೆಯ ಕಡೆ ಮೇಜನ್ನು ಎತ್ತರಿಸಿರುತ್ತಾರೆ, ಔಷಧಿಯಲ್ಲಿ ಅದ್ದಿದ ಪಟ್ಟಿಗಳಿಂದ ರಕ್ತನಾಳಗಳನ್ನು ಕುಗ್ಗಿಸಿರುತ್ತಾರೆ.

ಆಪರೇಷನ್ ಥಿಯೇಟರಿನಲ್ಲಿ ನನಗೆ ನೆನಪಿರುವುದು ಚಳಿ ಮತ್ತು ‘ಉಸಿರು ಎಳ್ಕೊಳಿ ಸಾರ್’ ಎಂಬ ಮಾತು, ಅಷ್ಟೇ. ಮುಂದಿನದನ್ನೆಲ್ಲ ಆಮೇಲೆ ಮೇಡಂ ವಿಡಿಯೋ ತೋರಿಸಿ ಹೇಳಿದರು. ತಿರುಗುವ ಅಲಗಿನ ಕೊಳವೆಯಿಂದ ಮೂಗಿಗೆ ಇಳಿದಿದ್ದ ಭಾಗವನ್ನು ಕತ್ತರಿಸುತ್ತಲೇ ಹೀರಿ ತೆಗೆದರು. ಆ ಚೂರುಗಳು ಒಂದೂ ವ್ಯರ್ಥವಾಗದಂತೆ ಜಾಳಿಗೆಯಲ್ಲಿ ಹಿಡಿದು ಪರೀಕ್ಷೆಗಿಟ್ಟರು. ಮೂಗಿಗೂ ಕಪಾಳದ ಸೈನಸ್ಸಿಗೂ ನಡುವಿನ ಗೋಡೆಯನ್ನು, ಅದರಿಂದ ಚಾಚಿದ ಕೆಳಗಿನ ಸುರುಳಿ ಎಲುಬಿನ ಒಂದು ಭಾಗವನ್ನೂ ಸೇರಿಸಿ ತೆಗೆದರು. ಕಣ್ಣೀರಿನ ನಾಳವನ್ನು ಓರೆಯಾಗಿ ಕತ್ತರಿಸಿ ಬಾಯಿ ತೆರೆದೇ ಬಿಟ್ಟರು, ಗಾಯ ಆರುವಾಗ ಅದು ಕಿರಿದಾಗಬಾರದು ಎಂದು. ಈಗ ಇಡೀ ಸೈನಸ್ ಕಣ್ಣೆದುರು. ಸ್ಕ್ಯಾನಿನಲ್ಲಿ ಎಲುಬು ದಪ್ಪಗೆ ಕಂಡಿದ್ದ ಜಾಗದಲ್ಲೇ ಬುಡವಿತ್ತು. ಸುತ್ತ ಒಂದಷ್ಟು ಆರೋಗ್ಯವಾದ ಪೊರೆಯನ್ನೂ ಸೇರಿಸಿ ಎಬ್ಬಿಸಿ, ವಜ್ರದ ಪುಡಿ ಲೇಪಿಸಿದ ಡ್ರಿಲ್ಲಿನಿಂದ ಅಡಿಯ ಎಲುಬನ್ನು ತರಿದರು. ಅಂಚುಗಳಿಂದ ಬೇರೆಬೇರೆ ಚೂರು ತೆಗೆದು ಬೇರೆಬೇರೆ ಡಬ್ಬಿಗೆ ಹಾಕಿದರು. ಅಷ್ಟು ಹೊತ್ತೂ ನನ್ನ ಕಣ್ಣುಗಳನ್ನು ಬಟ್ಟೆಯಿಂದ ಮುಚ್ಚಿರಲಿಲ್ಲವಂತೆ. ಒಳಗೆ ಕೆಲಸ ನಡೆಯುವಾಗ ಕಣ್ಣುಗುಡ್ಡೆ ಅಲ್ಲಾಡುತ್ತದೆಯೇ, ಉಬ್ಬುತ್ತದೆಯೇ ಎಂದು ಒಬ್ಬರು ನೋಡುತ್ತಲೇ ಇರುತ್ತಾರಂತೆ. ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು, ಅವರ ಬಗ್ಗೆ ಗೌರವವೂ ಹೆಚ್ಚಿತು.

ಎಚ್ಚರವಾದಾಗ ಗಂಟಲು ಕೆರೆಯುತ್ತಿತ್ತು, ಬಾಯಿ ಒಣಗಿತ್ತು, ಮೂಗಿನಲ್ಲಿ ಪ್ಯಾಕ್. ನರ್ಸಮ್ಮ ಗಂಟೆಗೊಮ್ಮೆ ಬಂದು ‘ಎಷ್ಟು ಬೆರಳು ಹೇಳಿ’ ಎಂದು ಕೇಳುತ್ತಿದ್ದರು. ದೃಷ್ಟಿ ನೋಡುವುದಕ್ಕೆ. ಮಲಗಿದರೆ ಉಸಿರು ಕಟ್ಟುವ ಭಯ, ಬಾಯಿಯಿಂದಲೇ ಉಸಿರಾಟ. ಹೆಂಡತಿ ಒದ್ದೆ ಬಟ್ಟೆ ತುಟಿಗಿಟ್ಟು, ದಿಂಬಿನ ಮೇಲೆ ದಿಂಬು ಒಟ್ಟಿ ರಾತ್ರಿಯೆಲ್ಲ ಕೂತಿದ್ದಳು. ನೋವು ನಾನು ಅಂದುಕೊಂಡಷ್ಟು ಇರಲಿಲ್ಲ. ಕಷ್ಟವಾದದ್ದು ಪ್ಯಾಕ್ ತೆಗೆದ ಗಳಿಗೆ. ರಕ್ತ ಹೀರಿ ಉಬ್ಬಿದ ಸ್ಪಂಜನ್ನು ನೀರು ಬಿಟ್ಟು ನೆನೆಸಿ ಎಳೆಯುತ್ತಾರೆ. ಕ್ಷಣಮಾತ್ರ, ಆದರೆ ಕಣ್ಣು ಕತ್ತಲೆ ಬಂತು. ಕೂತೇ ಇರಬೇಕು, ಎದ್ದು ನಿಲ್ಲಬಾರದು. ಆಮೇಲೆ ಎಡಗಡೆಯಿಂದ ಗಾಳಿ ಒಳಗೆ ಹೋಯಿತು. ತಣ್ಣಗೆ, ಕಣ್ಣಿನ ಹಿಂದಿನವರೆಗೂ.

ಮನೆಗೆ ಬಂದ ಮೇಲಿನ ಕೆಲಸ ರೋಗಿಯದ್ದು. ಅದನ್ನು ಹಗುರವಾಗಿ ತಗೊಂಡರೆ ಒಳ್ಳೆಯ ಆಪರೇಷನ್ನೂ ಕೆಡುತ್ತದೆ. ಮೂಗಿನಿಂದ ಜೋರಾಗಿ ಗಾಳಿ ಬಿಟ್ಟು ಸಿಂಬಳ ತೆಗೆಯಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ಬಗ್ಗಿ ಕೊಡ ಎತ್ತಬಾರದು, ಮುಕ್ಕಿರಿಯಬಾರದು, ಅದಕ್ಕೇ ಮಲಬದ್ಧತೆ ಆಗದಂತೆ ಔಷಧಿ ಕೊಡುತ್ತಾರೆ. ಬಗ್ಗಿದಾಗ ಮೂಗಿನಿಂದ ನೀರಿನಂಥದ್ದು ತಟತಟನೆ ತೊಟ್ಟಿಕ್ಕಿದರೆ, ಬಾಯಿಗೆ ಉಪ್ಪುಪ್ಪಾಗಿ ಬಂದರೆ, ನೋಟ ಮಂಜಾದರೆ, ಕಣ್ಣು ಊದಿದರೆ, ಯಾವ ಹೊತ್ತಾದರೂ ಸರಿ ಆಸ್ಪತ್ರೆಗೆ ಬರಬೇಕು. ಈ ಮಾತನ್ನು ಹೆಂಡತಿ ಕ್ಯಾಲೆಂಡರಿನ ಹಿಂಬದಿ ಬರೆದು ಗೋಡೆಗೆ ಅಂಟಿಸಿದ್ದಳು.

ಎಲ್ಲಕ್ಕಿಂತ ಮುಖ್ಯವಾದದ್ದು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ದೊಡ್ಡ ಬಾಟಲಿಯಲ್ಲಿ ಉಪ್ಪು, ಚೂರು ಅಡುಗೆ ಸೋಡ ಬೆರೆಸಿದ ಬೆಚ್ಚನೆ ನೀರು ತುಂಬಿ, ಬಗ್ಗಿ ನಿಂತು, ಒಂದು ಹೊಳ್ಳೆಯಿಂದ ಬಿಟ್ಟರೆ ಇನ್ನೊಂದರಿಂದ ಹರಿದು ಬರುತ್ತದೆ. ಮೈಸೂರಿನ ಯೋಗಶಾಲೆಗಳಲ್ಲಿ ಜಲನೇತಿ ಕಲಿತವರಿಗೆ ಇದು ಹೊಸದಲ್ಲ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿಯದ್ದು, ಬೋರಿನದ್ದು, ನಾಲೆಯದ್ದು ನೇರವಾಗಿ ಮೂಗಿಗೆ ಬಿಡಲೇಬಾರದು. ಅಪರೂಪಕ್ಕೆ ಅಂಥ ನೀರಿನಲ್ಲಿ ಮೆದುಳಿಗೆ ಏರುವ ಅಮೀಬಾ ಇರುತ್ತದೆ, ಬಂದರೆ ಉಳಿಯುವವರು ತೀರಾ ಕಡಿಮೆ. ತೊಳೆದಾಗ ಮೊದಮೊದಲು ರಕ್ತದ ಗರಣೆ, ಆಮೇಲೆ ಹಸಿರು ಹಕ್ಕಳೆ, ಕೆಟ್ಟ ವಾಸನೆ. ಮೂಗಿನೊಳಗೆ ಅಷ್ಟು ದೊಡ್ಡ ಖಾಲಿ ಜಾಗವಾದಾಗ ಹೊಸ ಪೊರೆ ಬೆಳೆಯುವವರೆಗೆ ಹಕ್ಕಳೆ ಕಟ್ಟುವುದು ತಪ್ಪುವುದಿಲ್ಲ. ಪ್ರತಿ ಭೇಟಿಯಲ್ಲಿ ಮೇಡಂ ಎಂಡೋಸ್ಕೋಪ್ ಹಾಕಿ ಅಂಟಿಕೊಂಡದ್ದನ್ನು ಬಿಡಿಸುತ್ತಿದ್ದರು. ಮೇಲಿನ ಹಲ್ಲುಗಳ ಬಳಿ ಕೆಲವು ವಾರ ಜೋಮು ಇತ್ತು, ಎಡಗಣ್ಣಲ್ಲಿ ಸುಮ್ಮಸುಮ್ಮನೆ ನೀರು ಬರುತ್ತಿತ್ತು. ಎರಡೂ ನಿಧಾನವಾಗಿ ಹೋದವು.

ಇಡೀ ಗಡ್ಡೆಯ ವರದಿಯಲ್ಲಿ ಎಲ್ಲೂ ಕ್ಯಾನ್ಸರ್ ಇರಲಿಲ್ಲ, ಅಂಚುಗಳೂ ಶುದ್ಧವಾಗಿದ್ದವು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಫೋನ್ ತಗೊಂಡು ‘ಅಳ್ತಾ ಅವ್ರೆ, ಆಮೇಲೆ ಮಾತಾಡ್ತಾರೆ ಬುಡಪ್ಪ’ ಅಂದರು.

ಸರ್ಕಾರಿ ನೌಕರನಾದ್ದರಿಂದ ಖರ್ಚಿನ ಮರುಪಾವತಿಗೆ ಅರ್ಜಿ ಹಾಕಿದೆ. ಪ್ರತಿ ಬಿಲ್ಲಿನ ಮೂಲಪ್ರತಿ ಬೇಕಾಗುತ್ತದೆ, ಮೆಡಿಕಲ್ ಸ್ಟೋರಿನ ಚೀಟಿಯೂ ಸೇರಿ. ಬಿಸಾಡಬೇಡಿ.

ವಾಸನೆ ಎಡಗಡೆ ಒಂದೇ ಸಲಕ್ಕೆ ಮರಳಲಿಲ್ಲ. ವಾಸನೆಯ ನರದ ತುದಿಗಳಿರುವುದು ಮೂಗಿನ ಛಾವಣಿಯಲ್ಲಿ. ಅಲ್ಲಿಗೆ ಗಾಳಿ ತಲುಪಬೇಕು, ಊತ ಇಳಿಯಬೇಕು. ಮೊದಲು ಗೊತ್ತಾದದ್ದು ಕರ್ಪೂರ, ಆಮೇಲೆ ಬೆಳ್ಳುಳ್ಳಿ. ಅಣ್ಣನ ಊರಿನ ಆಲೆಮನೆ ಮುಂದೆ ನಿಂತು ಬಲ ಹೊಳ್ಳೆ ಒತ್ತಿ ಹಿಡಿದು ನೋಡಿದೆ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವಾಗಿನ ಆ ಘಮ ಎಡಗಡೆಯಿಂದ ಬಂತು, ಮೊದಲಿನಷ್ಟು ಗಾಢವಲ್ಲ, ಆದರೆ ಬಂತು. ಕೊಪ್ಪರಿಗೆ ಕಾಯುತ್ತಿದ್ದ ಹುಡುಗ ‘ಏನ್ ಮೇಷ್ಟ್ರೇ, ಮೂಗು ಹಿಡ್ಕಂಡು ನಿಂತಿದ್ದೀರಿ, ನಾತ ಬತ್ತದಾ?’ ಎಂದು ಕೇಳಿದ. ಅವನಿಗೆ ಎಲ್ಲವನ್ನೂ ಹೇಳಿದೆ.

ನಾನು ಪ್ರೌಢಶಾಲೆಯ ಮೇಷ್ಟ್ರು ಎಂದು ತಿಳಿದ ಮೇಲೆ ಮೇಡಂ ಹೇಳಿದ ಒಂದು ಮಾತನ್ನು ಇಲ್ಲಿ ದಾಖಲಿಸಬೇಕು. ಬೇಸಿಗೆಯಲ್ಲಿ ಮಕ್ಕಳ ಮೂಗಿನಲ್ಲಿ ರಕ್ತ ಬರುವುದು ಸಾಮಾನ್ಯ, ಹೆಚ್ಚಿನದು ಮೂಗಿನ ಮುಂಭಾಗದ ಒಣಗಿದ ಪೊರೆಯಿಂದ, ಬೆರಳು ಹಾಕುವುದರಿಂದ. ಆದರೆ ಹದಿಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಅದರಿಂದಲೇ ಮತ್ತೆಮತ್ತೆ ಧಾರಾಕಾರ ರಕ್ತ ಬರುವುದು ಇದ್ದರೆ, ಅದು ಮೂಗಿನ ಹಿಂಭಾಗದ ಆಂಜಿಯೋಫೈಬ್ರೋಮಾ ಆಗಿರಬಹುದು. ಹೆಚ್ಚುಕಡಿಮೆ ಗಂಡುಮಕ್ಕಳಿಗೆ ಮಾತ್ರ ಬರುವ, ರಕ್ತನಾಳಗಳಿಂದ ಕಿಕ್ಕಿರಿದ ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಚೂರು ತೆಗೆಯಲು ಹೋದರೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಸ್ಕ್ಯಾನ್ ನೋಡಿಯೇ ಗುರುತಿಸಿ, ಅದಕ್ಕೆ ರಕ್ತ ಒದಗಿಸುವ ನಾಳವನ್ನು ಸಾಮಾನ್ಯವಾಗಿ ಮೊದಲು ಮುಚ್ಚಿ, ಆಮೇಲೆ ಆಪರೇಷನ್ ಮಾಡುತ್ತಾರೆ. ಪುಟ್ಟ ಮಕ್ಕಳಲ್ಲಿ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಹೆಚ್ಚಾಗಿ ಒಳಗೆ ಬಟಾಣಿ, ರಬ್ಬರಿನ ಚೂರು, ಮಣಿ ಏನಾದರೂ ಸಿಕ್ಕಿರುತ್ತದೆ. ಗುಂಡಿ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಡುತ್ತದೆ, ಒಂದು ರಾತ್ರಿಯೂ ಕಾಯುವಂತಿಲ್ಲ. ಇದನ್ನೆಲ್ಲ ಬರೆದುಕೊಂಡು ಬಂದು ನಮ್ಮ ಪಿ.ಟಿ. ಮೇಷ್ಟ್ರಿಗೂ, ಪಕ್ಕದ ಪ್ರಾಥಮಿಕ ಶಾಲೆಯ ಮಿಸ್ಸುಗಳಿಗೂ ಹೇಳಿದ್ದೇನೆ.

ನನಗಿದ್ದಂಥ ಗಡ್ಡೆ ಮರಳಿ ಬರುವುದಾದರೆ ಬಹುಪಾಲು ಮೊದಲ ಎರಡು ಮೂರು ವರ್ಷದಲ್ಲೇ ಬರುತ್ತದೆ, ಆದರೆ ಬಹಳ ತಡವಾಗಿ ಬಂದದ್ದೂ ಉಂಟು. ಕನಿಷ್ಠ 5 ವರ್ಷ ಎಂಡೋಸ್ಕೋಪಿ ತಪ್ಪಿಸಬಾರದು, ಸಾಧ್ಯವಾದರೆ ಆಮೇಲೂ. ಮೂಗು ಚೆನ್ನಾಗಿದೆ ಎಂದು ಭೇಟಿ ಬಿಟ್ಟವರೇ ಗಡ್ಡೆ ದೊಡ್ಡದಾದ ಮೇಲೆ ವಾಪಸ್ ಬರುತ್ತಾರೆ ಎಂದು ಮೇಡಂ ಬೇಸರದಿಂದ ಹೇಳುತ್ತಾರೆ. ನಾನು ಬಿಡುವುದಿಲ್ಲ. ಗೋಡೆ ತೆಗೆದಿರುವುದರಿಂದ ಈಗ ಕೊಳವೆ ನೇರವಾಗಿ ಸೈನಸ್ಸಿನ ಹಿಂಗೋಡೆಯವರೆಗೂ ಹೋಗುತ್ತದೆ, ತರಿದ ಜಾಗ ಪರದೆಯ ಮೇಲೆ ಪೂರ್ತಿ ಕಾಣುತ್ತದೆ. ಹೋದ ಸಲವೂ ನುಣುಪಾಗಿತ್ತು.

ಅವತ್ತು ಅಣ್ಣನೂ ಜೊತೆಯಲ್ಲಿ ಬಂದಿದ್ದ. ಅವನಿಗೂ ಹಲವು ವರ್ಷದಿಂದ ಬಲಗಡೆ ಮಾತ್ರ ಕಟ್ಟುತ್ತದೆ. ನನ್ನದು ಮುಗಿದ ಮೇಲೆ ಅವನನ್ನು ಕುರ್ಚಿಗೆ ಕೂರಿಸಿದೆವು. ಹತ್ತಿ ಇಟ್ಟರು, ಕೊಳವೆ ಹಾಕಿದರು, ಪರದೆಯ ಮೇಲೆ ಎಲ್ಲ ಮೂಲೆಯನ್ನೂ ತೋರಿಸಿದರು. ಗಡ್ಡೆಯಿಲ್ಲ, ಪಾಲಿಪ್ ಇಲ್ಲ. ಮೂಗಿನ ನಡುಗೋಡೆ ಬಲಕ್ಕೆ ವಾಲಿದೆ, ಅಷ್ಟೇ. ಒಂದು ಕಡೆ ಕಟ್ಟುವವರಲ್ಲಿ ಹೆಚ್ಚಿನವರಿಗೆ ಇರುವುದು ಇದೇ ಎಂದರು, ಸದ್ಯಕ್ಕೆ ಸ್ಪ್ರೇ ಸಾಕು ಎಂದರು. ಅಣ್ಣ ಕುರ್ಚಿಯಿಂದ ಇಳಿದು ಮೂಗು ಒರೆಸಿಕೊಂಡು, ‘ಇಷ್ಟೇಯಾ? ಇದಕ್ಕೆ ಇಷ್ಟು ವರ್ಷ ಎದ್ರುಕಂಡು ಕೂತಿದ್ನಲ್ಲ’ ಅಂದ. ಮೂರು ಗಂಟೆಯ ಟ್ರೇನಿಗೆ ಸ್ಟೇಷನ್ನಿಗೆ ನಡೆದೆವು.